ಅಣಬೆಯ ಪೆಟ್ಟಿಗೆ, ರೇಷ್ಮೆಯ ಹುಳು

ಮಳವಳ್ಳಿಯಿಂದ ಫೋನ್ ಬಂದಾಗ ನಾನು ಅಚ್ಚಿನಿಂದ ಪೆಟ್ಟಿಗೆ ಬಿಡಿಸುತ್ತಿದ್ದೆ. ಕೈಯೆಲ್ಲ ಕಬ್ಬಿನ ಸಿಪ್ಪೆಯ ಹುಡಿ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೆ.

“ಅಕ್ಕ, ಕೊಪ್ಪದ ಕಡೆ ಕಳ್ಸಿದ್ದ ಉಳ ಬೆಳ್ಳಗಾಗಿ ಕಡ್ಡಿಯಂಗೆ ಸೆಟ್ಕಂಡವಂತೆ. ಎರಡು ಮನೇಲಿ ಆಗದೆ. ಎರಡೂ ಮನೇಗೂ ನಿಮ್ ಪೆಟ್ಗೆಲೇ ಓಗಿದ್ದು ಕಣಕ್ಕ.”

ಮಾತಾಡುತ್ತಿದ್ದವಳು ಮಳವಳ್ಳಿಯ ಚಾಕಿ ಕೇಂದ್ರದ ಒಡತಿ. ಮೊಟ್ಟೆಯೊಡೆದ ರೇಷ್ಮೆಹುಳುಗಳನ್ನು ಎರಡನೇ ಜ್ವರದವರೆಗೆ, ಅಂದರೆ ಎರಡು ಸಲ ಪೊರೆ ಕಳಚುವವರೆಗೆ, ಎಳೆಗೂಸಿನಂತೆ ಸಾಕಿ ಆಮೇಲೆ ರೈತರ ಮನೆಗೆ ತಲುಪಿಸುವುದು ಅವಳ ಕಸುಬು. ಮೊದಲು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಕಳಿಸುತ್ತಿದ್ದಳು. ಅವು ಮುರಿದು ಕಾಳುಕಾಳಾಗಿ ತಿಪ್ಪೆ ಸೇರಿ, ಗೊಬ್ಬರದ ಜೊತೆ ಹಿಪ್ಪುನೇರಳೆ ತೋಟಕ್ಕೆ ಬೀಳುತ್ತಿದ್ದವು. ಅದಕ್ಕೇ ಅವಳು ಸ್ವಲ್ಪಸ್ವಲ್ಪವಾಗಿ ನಮ್ಮ ಪೆಟ್ಟಿಗೆಗೆ ಬದಲಾಗುತ್ತಿದ್ದಳು, ಹಳೆಯವೂ ಇನ್ನೂ ಕೆಲವು ಓಡಾಡುತ್ತಿದ್ದವು. ನಮಗೆ ತಪ್ಪದೆ ಕೊಳ್ಳುವ ಗಿರಾಕಿ ಎಂದರೆ ಅವಳೊಬ್ಬಳೇ.

“ಇನ್ಯಾರ ಮನೇಲಾದ್ರೂ ಆಗಿದೆಯಾ?” ಎಂದು ಕೇಳಿದೆ.

“ಥರ್ಮಾಕೋಲಲ್ಲಿ ಓದ್ವು ಎಲ್ಲಾ ಚೆನ್ನಾಗವೆ,” ಎಂದಳು.

ನಾನು ಕೈ ತೊಳೆದೆ. ಬಿಡಿಸಬೇಕಿದ್ದ ಅಚ್ಚುಗಳನ್ನು ಹಾಗೇ ಬಿಟ್ಟೆ.

ನಮ್ಮ ಪೆಟ್ಟಿಗೆ ಏನೆಂದು ಇಲ್ಲಿ ಹೇಳದಿದ್ದರೆ ನನ್ನ ಭಯ ಅರ್ಥವಾಗದು. ಅಣಬೆ ಎಂದರೆ ಎಲ್ಲರಿಗೂ ಕಾಣುವುದು ಕೊಡೆ. ಅದರ ನಿಜವಾದ ಮೈ ಕೆಳಗೆ ಹಬ್ಬುವ ಬಿಳಿ ಎಳೆ. ಆಲೆಮನೆಯಲ್ಲಿ ಒಲೆಗೂ ಬೇಡವಾದ ಕಬ್ಬಿನ ಸಿಪ್ಪೆಯ ಪುಡಿ, ಮದ್ದೂರಿನ ಅಂಗಡಿಗಳು ಬೀದಿಗೆಸೆಯುವ ರಟ್ಟು, ಒಂದಿಷ್ಟು ನೆಲ್ಲುಹುಲ್ಲು ಇವನ್ನು ಸಣ್ಣಗೆ ಕತ್ತರಿಸಿ, ಹಬೆಯಲ್ಲಿ ಬೇಯಿಸಿ, ಆರಿಸಿ, ಅಣಬೆ ಬೀಜ ಕಲಸಿ ಅಚ್ಚಿಗೆ ತುಂಬುತ್ತೇವೆ. ಕತ್ತಲ ಕೋಣೆಯಲ್ಲಿ ವಾರವೊಂದು ಕಳೆಯುವಷ್ಟರಲ್ಲಿ ಬಿಳಿ ಎಳೆಗಳು ಸಿಪ್ಪೆಯನ್ನೆಲ್ಲ ಹೆಣೆದು ಒಂದೇ ಗಟ್ಟಿ ತುಂಡಾಗಿಸುತ್ತವೆ. ಅದನ್ನು ಬಿಸಿಗಾಳಿಯಲ್ಲಿ ಒಣಗಿಸಿದರೆ ಎಳೆ ಸಾಯುತ್ತದೆ, ಪೆಟ್ಟಿಗೆ ಉಳಿಯುತ್ತದೆ. ಹಗುರ, ಕುಟ್ಟಿದರೆ ಥರ್ಮಾಕೋಲಿನಂಥ ಸದ್ದು, ಮಣ್ಣಿಗೆಸೆದರೆ ಮಳೆಗಾಲ ಮುಗಿಯುವುದರೊಳಗೆ ಮಣ್ಣು.

ಮತ್ತೆ ರೇಷ್ಮೆಹುಳುವಿಗೆ ಬರುವ ರೋಗಗಳಲ್ಲಿ ಒಂದು, ಸುಣ್ಣಕಟ್ಟು. ಅಣಬೆಯ ಎಳೆಯಂತೆ ಅದೂ ಬೂಸ್ಟೇ. ಹುಳುವಿನ ಚರ್ಮ ತೂರಿ ಒಳಗೆ ಬೆಳೆದು, ಹುಳು ಸತ್ತ ಮೇಲೆ ಮೈಮೇಲೆ ಬೆಳ್ಳಗೆ ಅರಳುತ್ತದೆ.

ನನ್ನ ಪಾಲುದಾರ ಮದ್ದೂರಿನ ಮೆಕ್ಯಾನಿಕ್. ಗುಜರಿಯಿಂದ ತಂದ ಬ್ಲೋವರ್ ಕಟ್ಟಿ ನಮ್ಮ ಒಣಗಿಸುವ ಗೂಡು ಮಾಡಿದವನು ಅವನೇ. ಅವನ ಲಗೇಜ್ ಆಟೊದಲ್ಲಿ ಕೊಪ್ಪದ ದಾರಿ ಹಿಡಿದೆವು. ಸೋನೆ ಹಿಡಿದಿತ್ತು. ದಾರಿಯುದ್ದಕ್ಕೂ ಅವನು ಒಂದೇ ಮಾತು ಹೇಳಿದ.

“ಓಗಿ ನೋಡನ. ಆದ್ರೆ ಅಲ್ಲಿ ಬಾಯ್ ಬುಡ್ಬೇಡಿ ಅಕ್ಕ. ನಮ್ದು ಅಂತಾನೂ ಅನ್ಬೇಡಿ, ಅಲ್ಲ ಅಂತಾನೂ ಅನ್ಬೇಡಿ.”

ಹುಳು ಸತ್ತ ಎರಡು ಮನೆಗಳಲ್ಲಿ ಒಂದಕ್ಕೆ ಹೋದಾಗ ಹುಳು ಸಾಕುವಾಕೆ ಬಾಗಿಲಲ್ಲೇ ನಿಂತಿದ್ದಳು. ಐವತ್ತರ ಆಸುಪಾಸು, ಸೆರಗು ಸೊಂಟಕ್ಕೆ ಸಿಕ್ಕಿಸಿದ ಹೆಂಗಸು. ಒಳಗೆ ಹೋಗಿ ಒಂದು ತಟ್ಟೆ ತಂದು ಜಗುಲಿಯ ಮೇಲೆ ಕುಕ್ಕಿದಳು. ಹುಳುಗಳು ಸೀಮೆಸುಣ್ಣದ ಚೂರುಗಳಂತೆ ಬಿದ್ದಿದ್ದವು. ಪಕ್ಕಕ್ಕೆ ನಮ್ಮ ಪೆಟ್ಟಿಗೆಯ ಮುಚ್ಚಳ ತಂದಿಟ್ಟು, ಮೊಣಕಾಲಿಗೆ ಕೊಟ್ಟು ಎರಡು ತುಂಡು ಮಾಡಿದಳು. ಮುರಿದ ಕಡೆ ಬೆಳ್ಳಗಿತ್ತು.

“ನೋಡಿ. ಇದೂ ಬೆಳ್ಳುಗದೆ, ಅದೂ ಬೆಳ್ಳುಗದೆ. ಇದ್ರೊಳಗೆ ಬೂಸ್ಟು ಬೆಳೆಸ್ತೀರಂತೆ, ಔದಾ?”

“ಹೌದು. ಅಣಬೆಯ ಎಳೆ. ಆದರೆ ಒಣಗಿಸಿ ಸಾಯಿಸಿರ್ತೀವಿ.”

“ಸತ್ತಿದ್ದು ಇಂಗೆ ಮಾಡುತ್ತಾ?” ಎಂದು ತಟ್ಟೆಯನ್ನು ನನ್ನ ಕಡೆ ತಳ್ಳಿದಳು. “ನಾ ಮದ್ವೆಯಾಗಿ ಬಂದಾಗ್ನಿಂದ ಉಳ ಸಾಕ್ತೀನಿ. ಒಂದು ಮನೆ ಪೂರ್ತಿ ಇಂಗೆ ಓಗಿದ್ದು ನೋಡಿಲ್ಲ. ಮೂರ್ನೇ ಜ್ವರದಿಂದ ಎದ್ದು ಸೊಪ್ಪು ತಿಂತಿದ್ವು. ಬೆಳಿಗ್ಗೆ ನೋಡಿದ್ರೆ ಅಲ್ಲಾಡ್ತಿಲ್ಲ.”

ನಾನು ಸತ್ತ ಹುಳುಗಳಲ್ಲಿ ಕೆಲವನ್ನು ಒಂದು ಡಬ್ಬಿಗೆ ಹಾಕಿಕೊಂಡೆ. ಮುರಿದ ಮುಚ್ಚಳವನ್ನೂ ಕೇಳಿದೆ. ಒಂದು ತುಂಡು ಕೊಟ್ಟು ಇನ್ನೊಂದನ್ನು ಅವಳೇ ಇಟ್ಟುಕೊಂಡಳು.

“ಇದು ನನ್ ತಾವ್ಲೇ ಇರ್ಲಿ. ನಾಳೆ ನೀವು ಬೇರೆ ಪೆಟ್ಗೆ ತೋರ್ಸಿದ್ರೆ?”

ವಾಪಸ್ ಬರುವಾಗ ನಾನು ಪಾಲುದಾರನಿಗೆ ಹೇಳಿದೆ, ಇವತ್ತೇ ಎಲ್ಲ ಪೆಟ್ಟಿಗೆ ವಾಪಸ್ ತರೋಣ ಅಂತ. ಕೇಂದ್ರದಲ್ಲಿರುವುದು, ರೈತರ ಮನೆಗಳಲ್ಲಿ ಉಳಿದಿರುವುದು, ಒಂದನ್ನೂ ಬಿಡದೆ.

ಅವನು ಆಟೊ ಪಕ್ಕಕ್ಕೆ ನಿಲ್ಲಿಸಿದ. “ವಾಪಸ್ ತಂದ್ರೆ ನಾವೇ ಒಪ್ಕಂಡಂಗೆ ಕಣಕ್ಕ. ಊರೆಲ್ಲ ಅಂಗೇ ಅನ್ನೋದು. ಆಮೇಲೆ ನಮ್ದಲ್ಲ ಅಂತ ಗೊತ್ತಾದ್ರೂ ಯಾರ್ ಕೇಳ್ತಾರೆ?”

“ನಮ್ಮದೇ ಆಗಿದ್ದು, ನಾವು ಬಿಟ್ಟುಬಿಟ್ಟು, ಇನ್ನೊಂದು ಮನೆ ಹೋದರೆ?”

ಅವನು ಗಾಜಿನ ಮೇಲಿನ ನೀರು ಒರೆಸಿದ. ಆಮೇಲೆ ಗೊಣಗುತ್ತಲೇ ಗಾಡಿ ಮಳವಳ್ಳಿ ಕಡೆ ತಿರುಗಿಸಿದ.

ಪೆಟ್ಟಿಗೆಗಳನ್ನು ಒಟ್ಟು ಮಾಡುವುದೇ ಒಂದು ಶಿಕ್ಷೆಯಾಯಿತು. ಪ್ರತಿ ಮನೆಯಲ್ಲೂ ಯಾಕೆ ಎಂದು ಹೇಳಬೇಕಿತ್ತು. ಒಬ್ಬ ರೈತ ಪೆಟ್ಟಿಗೆಯನ್ನು ಕೋಲಿನಲ್ಲಿ ಎತ್ತಿ ಆಟೊಕ್ಕೆಸೆದ, ಕೈಯಲ್ಲಿ ಮುಟ್ಟಲಿಲ್ಲ. ಚಾಕಿ ಕೇಂದ್ರದಲ್ಲಿ ನಮಗೆ ಗೊತ್ತಿಲ್ಲದ ಒಂದು ವಿಷಯ ಕಂಡಿತು. ಖಾಲಿಯಾಗಿ ಹಿಂದಿರುಗಿದ ಪೆಟ್ಟಿಗೆಗಳನ್ನು ಒಡತಿ ಎಳೆ ಹುಳುಗಳಿರುವ ಕೋಣೆಯ ಮೂಲೆಯಲ್ಲೇ ಒಟ್ಟಿದ್ದಳು. ಕೈಯಿಟ್ಟರೆ ತಣ್ಣಗಿದ್ದವು.

“ಬಿಸ್ಲಲ್ಲಿ ದೂರ ಓಗ್ಬೇಕಾದ್ರೆ ಒಳಗೆ ನೀರು ಚಿಮುಕಿಸ್ತೀವಿ ಅಕ್ಕ, ತಣ್ಣುಗಿರ್ಲಿ ಅಂತ. ಥರ್ಮಾಕೋಲ್ಗೂ ಅಂಗೇ ಮಾಡ್ತಿದ್ವಿ,” ಎಂದಳು.

ಥರ್ಮಾಕೋಲ್ ನೀರು ಕುಡಿಯುವುದಿಲ್ಲ. ನಮ್ಮ ಪೆಟ್ಟಿಗೆ ಕುಡಿಯುತ್ತದೆ.

ಮದ್ದೂರಿಗೆ ತಂದು ಎಲ್ಲವನ್ನೂ ಪ್ಲಾಸ್ಟಿಕ್ ಹಾಸಿನಡಿ ಕಟ್ಟಿಟ್ಟೆವು. ಪ್ಲಾಸ್ಟಿಕ್ಕಿಗೆ ಬದಲಿ ಮಾಡಲು ಹೊರಟವರು ಅದನ್ನು ಪ್ಲಾಸ್ಟಿಕ್ಕಿನಲ್ಲೇ ಸುತ್ತಿಡಬೇಕಾಯಿತು. ಅಚ್ಚು ತುಂಬುವ ಕೆಲಸ ನಿಲ್ಲಿಸಿದೆ. ನಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದ ಇಬ್ಬರು ಹೆಂಗಸರು ನಾಳೆ ಬರಬೇಕೋ ಬೇಡವೋ ಎಂದು ಕೇಳಿದರು. ಬನ್ನಿ, ಅಚ್ಚುಗಳನ್ನು ಉಜ್ಜಿ ತೊಳೆಯುವುದಿದೆ ಎಂದೆ. ಅದು ಮುಗಿದ ಮೇಲೆ ಏನು ಎಂದು ನನಗೂ ಗೊತ್ತಿರಲಿಲ್ಲ.

ಬೀಜದ ಗುಣ ನೋಡಲು ಇಟ್ಟುಕೊಂಡ ಒಂದು ಹಳೆಯ ಸೂಕ್ಷ್ಮದರ್ಶಕ ನಮ್ಮಲ್ಲಿತ್ತು. ಸತ್ತ ಹುಳುವಿನ ಮೇಲಿನ ಬಿಳಿಯನ್ನು ಸೂಜಿಯಿಂದ ತೆಗೆದು ಗಾಜಿನ ಮೇಲಿಟ್ಟೆ. ನಮ್ಮ ಅಣಬೆಯ ಎಳೆಯಲ್ಲಿ ಗೆಣ್ಣುಗೆಣ್ಣಿಗೂ ಒಂದು ಪುಟ್ಟ ಕೊಂಡಿ ಇರುತ್ತದೆ, ಹಗ್ಗಕ್ಕೆ ಗಂಟು ಹಾಕಿದಂತೆ. ಇದರಲ್ಲಿ ಕೊಂಡಿ ಇರಲಿಲ್ಲ. ತೀರಾ ತೆಳ್ಳನೆಯ ಎಳೆ, ಅದರ ತುಂಬ ಗೊಂಚಲು ಗೊಂಚಲು ದುಂಡು ಕಾಳು. ಮೂರು ನಾಲ್ಕು ಹುಳುಗಳಿಂದ ತೆಗೆದು ನೋಡಿದೆ. ಎಲ್ಲದರಲ್ಲೂ ಅದೇ.

ಪಾಲುದಾರನನ್ನು ಕರೆದು ತೋರಿಸಿದೆ. ಅವನು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿ, “ನಮ್ದಲ್ಲ ಅಲ್ವಾ? ಯಾ ಅಲ್ಲಾ!” ಎಂದು ಗೋಡೆಗೊರಗಿದ.

ನನಗೂ ಉಸಿರು ಬಂದಿತ್ತು. ಆದರೆ ಕೇಂದ್ರದಿಂದ ತಂದ ತಣ್ಣನೆಯ ಪೆಟ್ಟಿಗೆಯೊಂದನ್ನು ಚಾಕುವಿನಿಂದ ಉದ್ದಕ್ಕೆ ಸೀಳಿದಾಗ ಆ ನೆಮ್ಮದಿ ಹೋಯಿತು. ಗೋಡೆಯ ನಡುಭಾಗ ಒದ್ದೆ. ಮೂಲೆಯ ಮಡಿಕೆಯಲ್ಲಿ ಹಳದಿ ಹಸಿರಿನ ಒಂದು ಕಲೆ, ಬೆರಳಿಟ್ಟರೆ ಹುಡಿ. ಅದು ನಮ್ಮ ಅಣಬೆಯಲ್ಲ. ಒದ್ದೆ ಕಂಡಲ್ಲಿ ಬಂದು ಕೂರುವ ಬೇರೆಯೇ ಬೂಸ್ಟು.

ಮರುದಿನ ಸತ್ತ ಹುಳು, ಪೆಟ್ಟಿಗೆಯ ತುಂಡು ಎರಡನ್ನೂ ಪಾಲುದಾರನ ಜೊತೆ ಮಂಡ್ಯಕ್ಕೆ ಒಯ್ದೆ. ರೇಷ್ಮೆಹುಳುವಿನ ರೋಗಗಳಲ್ಲೇ ಜೀವನ ಸವೆಸಿ ನಿವೃತ್ತರಾದ ತಜ್ಞರೊಬ್ಬರು ಅಲ್ಲಿದ್ದರು. ಸತ್ತ ಹುಳುವನ್ನು ಎರಡು ಬೆರಳಲ್ಲಿ ಮುರಿದು ನೋಡಿದರು, ಆಮೇಲೆ ತಮ್ಮ ಮೇಜಿನ ಮೇಲಿನ ಸೂಕ್ಷ್ಮದರ್ಶಕದಲ್ಲಿ.

“ಇದು ಸುಣ್ಣಕಟ್ಟೇ. ನಿಮ್ಮ ಅಣಬೆ ಸತ್ತ ಕಡ್ಡಿ ತಿನ್ನೋದು, ಜೀವ ಇರೋ ಹುಳು ತಿನ್ನಲ್ಲ. ಆ ಎರಡು ಮನೆಯವರು ಹುಳು ಎತ್ತೋ ಬಲೆ, ತಟ್ಟೆ ಏನಾದ್ರೂ ಹಂಚಿಕೊಳ್ತಾರಾ ಕೇಳಿ. ಈ ಥಂಡಿಲಿ ರೋಗ ದಾಟೋಕೆ ಅಷ್ಟು ಸಾಕು.”

“ಇದು?” ಎಂದು ಹಳದಿ ಹಸಿರು ಕಲೆಯಿದ್ದ ತುಂಡು ಮುಂದಿಟ್ಟೆ.

ಅವರು ಅದನ್ನು ಹೆಚ್ಚು ಹೊತ್ತು ನೋಡಿದರು. “ಆ ಮನೆಗಳನ್ನ ಹಾಳು ಮಾಡಿದ್ದು ಇದಲ್ಲ. ಆದ್ರೆ ಇದು ಒಳ್ಳೇದೂ ಅಲ್ಲಮ್ಮ. ದೊಡ್ಡ ಹುಳಕ್ಕೆ ಅಷ್ಟಾಗಿ ತಾಗಲ್ಲ. ಎಳೇ ಹುಳದ ಕೋಣೇಲಿ ಇದ್ರೆ ಕಷ್ಟ. ನಿಮ್ಮ ಪೆಟ್ಟಿಗೆಯಿಂದ ಹುಳಕ್ಕೆ ದಾಟುತ್ತಾ ಅನ್ನೋದು ಸಾಕಿ ನೋಡಿದ್ರೇ ಗೊತ್ತಾಗೋದು.”

ಹೊರಗೆ ಬಂದ ಕೂಡಲೇ ಪಾಲುದಾರ ಕೇಂದ್ರದೊಡತಿಗೆ ಫೋನ್ ಮಾಡಲು ಹೊರಟ. ನಾನು ತಡೆದೆ.

“ಮೊದಲನೆಯದನ್ನ ಹೇಳು. ಎರಡನೆಯದನ್ನೂ ಹೇಳು. ಸಾಕಿ ನೋಡೋಣ, ಎಳೆ ಹುಳು ಕೊಡಿ ಅಂತಾನೂ ಕೇಳು.”

“ಅಕ್ಕ, ನಮ್ಗೆ ತಲೆ ಸರಿಗೈತಾ? ಪಾಸಾಗಿದೀವಿ. ಇನ್ನೊಂದ್ ಪರೀಕ್ಷೆ ನಾವೇ ಕಟ್ಕಬೇಕಾ?”

“ಆ ಪೆಟ್ಟಿಗೆ ವಾಪಸ್ ಬಂದು ಕೂರೋದು ಎಲ್ಲಿ ಅಂತ ನೀನೂ ನೋಡಿದೆಯಲ್ಲ.”

ಅವನಿಗೆ ಸಿಟ್ಟು ಬಂತು. ಫೋನನ್ನು ನನ್ನ ಕೈಗಿಟ್ಟು, “ನೀವೇ ಮಾಡಿ,” ಎಂದ.

ಮೊದಲ ಮಾತು ಕೇಳಿ ಒಡತಿ ದೊಡ್ಡದಾಗಿ ನಿಟ್ಟುಸಿರು ಬಿಟ್ಟಳು. ಎರಡನೆಯದು ಕೇಳಿ, “ನನ್ನ ಕೇಂದ್ರದೊಳಗೆ ಬ್ಯಾಡ. ಇತ್ಲಲ್ಲಿ ಅಳೇ ಉಳದ ಮನೆ ಖಾಲಿ ಬಿದ್ದದೆ, ಅಲ್ಲಿ ಮಾಡಿ. ಆದ್ರೆ ನೀವೇ ಪೆಟ್ಗೆ ಮಾಡಿ ನೀವೇ ಪಾಸ್ ಮಾಡ್ಕಂಡ್ರೆ ಯಾರು ನಂಬಾರು?” ಎಂದಳು.

ಅದು ನ್ಯಾಯವಾದ ಮಾತು. ಆ ಮನೆಯ ಬೀಗದ ಕೈ ಕೊಪ್ಪದ ಕಡೆಯ ಆ ಹೆಂಗಸಿನ ಹತ್ತಿರ ಇರಲಿ ಎಂದೆ. ಪಾಲುದಾರ ತಲೆ ಚಚ್ಚಿಕೊಂಡ. ನಮ್ಮ ಮೇಲೆ ಅಷ್ಟು ಉರಿಯುತ್ತಿರುವವಳ ಕೈಗೆ ನಮ್ಮ ಜುಟ್ಟು ಕೊಟ್ಟಂತೆ ಎಂಬುದು ಅವನ ವಾದ. ಬೇರೆ ಯಾರ ಕೈಗೆ ಕೊಟ್ಟರೂ ಅವಳು ನಂಬುವುದಿಲ್ಲ ಎಂಬುದು ನನ್ನದು. ಅವಳಿಗೆ ಸಾಕಲು ಆಗ ಮನೆಯಲ್ಲಿ ಹುಳುವೇ ಉಳಿದಿರಲಿಲ್ಲ. ಮಳವಳ್ಳಿಯ ತಂಗಿಯ ಮನೆಯಲ್ಲಿ ಉಳಿದುಕೊಂಡು ಬಂದು ನೋಡುತ್ತೇನೆಂದಳು. “ಸುಳ್ಳೇಳಿದ್ರೆ ಊರ್ಗೆಲ್ಲ ಯೋಳ್ತೀನಿ,” ಎಂದೂ ಸೇರಿಸಿದಳು.

ಹಳೆಯ ಮನೆಯನ್ನು ಬ್ಲೀಚಿಂಗ್ ಪುಡಿ, ಸುಣ್ಣ ಹಾಕಿ ತೊಳೆದು ಒಣಗಿಸಿದೆವು. ಮೊದಲ ಜ್ವರದಿಂದ ಎದ್ದ ಹುಳುಗಳನ್ನು ಒಡತಿ ಕೊಟ್ಟಳು, ಎಳ್ಳಿಗಿಂತ ತುಸು ದೊಡ್ಡವು. ಮೂರು ತಟ್ಟೆ. ಒಂದರಲ್ಲಿ ಹುಳುವಿನಡಿ ಥರ್ಮಾಕೋಲ್ ಹಲಗೆ. ಇನ್ನೊಂದರಲ್ಲಿ ಚೆನ್ನಾಗಿ ಒಣಗಿದ ನಮ್ಮ ಪೆಟ್ಟಿಗೆಯ ಹಲಗೆ. ಮೂರನೆಯದು ಕೇಂದ್ರದಿಂದ ತಂದ ಒದ್ದೆ ಪೆಟ್ಟಿಗೆಯದು, ಅದನ್ನು ಮಾತ್ರ ಹಿಂದಿನ ಅಡುಗೆಕೋಣೆಯಲ್ಲಿ ಬೇರೆಯಾಗಿಟ್ಟೆವು. ಸೊಪ್ಪು ಹೆಚ್ಚುವ ಚಾಕು ಬೇರೆ ಬೇರೆ. ಒಂದು ತಟ್ಟೆ ಮುಟ್ಟಿದ ಕೈ ತೊಳೆಯದೆ ಇನ್ನೊಂದಕ್ಕೆ ಹೋಗುವಂತಿಲ್ಲ. ಆ ಹೆಂಗಸು ಇದನ್ನೆಲ್ಲ ಕೈ ಕಟ್ಟಿ ನಿಂತು ನೋಡಿ, ನಾನು ಹೆಚ್ಚಿದ ಸೊಪ್ಪನ್ನು ತೆಗೆದು ಪಕ್ಕಕ್ಕಿಟ್ಟು ತಾನೇ ಸಣ್ಣಗೆ ಹೆಚ್ಚಿದಳು.

“ಇಷ್ಟು ದಪ್ಪ ಆಕಿದ್ರೆ ಬೂಸ್ಟಿಂದಲ್ಲ, ಅಸಿವಿಂದ ಸಾಯ್ತವೆ.”

ಮದ್ದೂರಿನಲ್ಲಿ ಕೆಲಸವಿಲ್ಲದ ದಿನಗಳು ಶುರುವಾದವು. ಪಾಲುದಾರ ಒಣಗಿಸುವ ಗೂಡು ಬಿಚ್ಚಿ ಕುಳಿತಿದ್ದ. ಗಾಳಿ ಒಂದು ಮಗ್ಗುಲಿಗೇ ಹೆಚ್ಚು ಹೊಡೆಯುತ್ತಿದೆ, ಇನ್ನೊಂದು ಮಗ್ಗುಲಿನ ಪೆಟ್ಟಿಗೆ ಒಳಗಿಂದ ಸರಿಯಾಗಿ ಒಣಗುತ್ತಿಲ್ಲ ಎಂದು ಅವನೇ ಕಂಡುಹಿಡಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಬ್ಲೋವರಿನ ಮುಂದೆ ತಗಡಿನ ರೆಕ್ಕೆಗಳನ್ನು ಬೆಸೆದು ಗಾಳಿ ಎರಡೂ ಮಗ್ಗುಲಿಗೆ ಹರಿಯುವಂತೆ ಮಾಡಿದ. ನಾನು ದಿನವೂ ಮಳವಳ್ಳಿಗೆ ಬಸ್ಸು ಹತ್ತುತ್ತಿದ್ದೆ. ಹೋಗುವಾಗ ಒಂದು ಹುಳುವೂ ಸಾಯದಿರಲಿ ಎಂದುಕೊಳ್ಳುತ್ತಿದ್ದೆ. ಹೆಂಗಸು ಬೀಗ ತೆಗೆದು ಮೊದಲು ತಾನು ಒಳಗೆ ಹೋಗಿ, ಆಮೇಲೆ ನನ್ನನ್ನು ಕರೆಯುತ್ತಿದ್ದಳು. ಅವಳು ಒಳಗಿರುವಷ್ಟು ಹೊತ್ತು ಹೊಸ್ತಿಲಾಚೆ ನಿಂತು ಕಿವಿಗೊಡುತ್ತಿದ್ದೆ.

ಎರಡನೇ ಜ್ವರಕ್ಕೆ ಹುಳುಗಳು ಕೂತವು. ಮೇಲೆತ್ತಿದ ತಲೆ, ಅಲುಗದ ಮೈ. ಮೂರೂ ತಟ್ಟೆಯಲ್ಲಿ ಒಂದೇ ಥರ ಕಂಡವು.

ಏಳಬೇಕಾದ ದಿನ ನಾನು ಬಸ್ಸಿನಲ್ಲಿದ್ದಾಗಲೇ ಅವಳ ಫೋನ್ ಬಂತು. “ಮೂರ್ನೇದು ಕೆಟ್ಟದೆ. ಬನ್ನಿ.”

ಮುಂದಿನ ಕೋಣೆಯ ಎರಡು ತಟ್ಟೆಗಳಲ್ಲಿ ಹುಳುಗಳು ಎದ್ದು ಸೊಪ್ಪಿಗೆ ಬಿದ್ದಿದ್ದವು. ಅಡುಗೆಕೋಣೆಯ ತಟ್ಟೆಯಲ್ಲಿ ಅರ್ಧಕ್ಕರ್ಧ ಏಳಲೇ ಇಲ್ಲ. ಕೆಲವು ಬಾಗಿ ಗಟ್ಟಿಯಾಗಿದ್ದವು, ಅವುಗಳ ಬಾಲದ ಕಡೆ ಹಳದಿ ಹಸಿರಿನ ಸಣ್ಣ ಗರಿ. ಪೆಟ್ಟಿಗೆಯ ಮೂಲೆಯಲ್ಲಿ ನಾನು ಕಂಡ ಬಣ್ಣವೇ.

ಒಡತಿ ಬಂದಳು, ಪಾಲುದಾರ ಆಟೊದಲ್ಲಿ ಬಂದ. ನಾಲ್ವರೂ ತಟ್ಟೆಯ ಸುತ್ತ ನಿಂತೆವು. ಮೊದಲು ಮಾತಾಡಿದ್ದು ಒಡತಿ, ಅದೂ ನಾನು ಎಣಿಸದ ಮಾತು.

“ಒಣಗಿದ್ದು ಚೆನ್ನಾಗೇ ಅದಲ್ಲ ಅಕ್ಕ. ನೀರು ಚಿಮುಕ್ಸಲ್ಲ ಬುಡಿ. ವಾಪಸ್ ಬಂದಿದ್ದ ಒರಗಡೆ ಇಟ್ಕತೀನಿ. ನನಗೆ ಥರ್ಮಾಕೋಲ್ ಸಾವಾಸ ಬ್ಯಾಡ. ನೀವು ಪೆಟ್ಗೆ ಕೊಡಿ.”

ಪಾಲುದಾರನ ಮುಖ ಅರಳಿತು. “ಗೂಡೂ ಸರಿ ಮಾಡಿದೀನಿ. ಇನ್ಮೇಲೆ ಒಳಗೂ ಒಣ್ಗುತ್ತೆ. ಮೇಲ್ಗಡೆ ‘ನೀರು ಹಾಕಬೇಡಿ’ ಅಂತ ದೊಡ್ದಾಗಿ ಬರ್ದುಬುಡನ.”

ಒಪ್ಪಿಬಿಡುವುದು ಎಷ್ಟು ಸುಲಭವಿತ್ತು ಎಂದು ಈಗಲೂ ನೆನಪಿದೆ. ನಾಲಿಗೆಯ ತುದಿಗೆ ಬಂದಿತ್ತು. ಅಚ್ಚು ತೊಳೆಯುತ್ತ ಕುಳಿತ ಇಬ್ಬರು ಹೆಂಗಸರು ಕಣ್ಮುಂದೆ ಬಂದರು. ಆದರೆ ಅದೇ ಹೊತ್ತಿಗೆ ಬೇಸಿಗೆಯೂ ಕಣ್ಮುಂದೆ ಬಂತು. ಮಧ್ಯಾಹ್ನದ ಬಿಸಿಲಲ್ಲಿ, ಎರಡು ತಾಸಿನ ದಾರಿಯಲ್ಲಿ, ಪೆಟ್ಟಿಗೆಯೊಳಗೆ ಹುಳು ಬಾಡುತ್ತಿರುವಾಗ ಯಾರು ತಾನೇ ನೀರು ಚಿಮುಕಿಸದೆ ಇರುತ್ತಾರೆ? ನಾನಾದರೂ ಚಿಮುಕಿಸುತ್ತಿದ್ದೆ.

“ಕೊಡೋದಿಲ್ಲ,” ಎಂದೆ. “ಹುಳಕ್ಕೆ ತೇವ ಬೇಕು. ನಮ್ಮ ಪೆಟ್ಟಿಗೆಗೆ ತೇವ ಆಗದು. ಬರೆದು ಅಂಟಿಸಿದರೆ ಇದು ಬದಲಾಗಲ್ಲ.”

“ಅಕ್ಕ, ಅವ್ರೇ ಬೇಕು ಅಂತವ್ರೆ!” ಪಾಲುದಾರನ ದನಿ ಏರಿತು. “ಇವ್ರು ಬುಟ್ರೆ ನಮ್ಗೆ ಯಾರವ್ರೆ?”

“ಯಾರೂ ಇಲ್ಲ. ಗೊತ್ತು.”

ಅವನು ಹೊರಗೆ ಹೋಗಿ ಆಟೊದಲ್ಲಿ ಕುಳಿತ. ಒಡತಿ ನನ್ನ ಮೇಲೆ ಸಿಟ್ಟಾಗಿದ್ದಳು. ತಂದು ಅಭ್ಯಾಸ ಮಾಡಿಸಿ ಈಗ ನಡುನೀರಲ್ಲಿ ಬಿಡುತ್ತೀರಲ್ಲ ಎಂದಳು. ಕೊಪ್ಪದ ಹೆಂಗಸು ಮಾತ್ರ ಮೂರನೇ ತಟ್ಟೆಯನ್ನು ಎತ್ತಿಕೊಂಡು ಹಿತ್ತಿಲಿಗೆ ನಡೆದಳು. ಬೆಂಕಿ ಹಾಕಲು ನಾನೂ ಹಿಂದೆ ಹೋದೆ. ಕಡ್ಡಿ ಗೀರಿದ ಮೇಲೆ ಅವಳು ಕೇಳಿದಳು.

“ನನ್ ಉಳ ನಿಮ್ಮಿಂದ ಓಗ್ಲಿಲ್ಲ ಅಲ್ವಾ?”

“ಇಲ್ಲ. ಮಂಡ್ಯದವರು ಬಲೆ ಕೇಳಿ ಅಂದಿದ್ದರು.”

“ಬಲೆ ಪಕ್ಕದ ಮನೇವ್ರುದು. ಇಸ್ಕಂಡಿದ್ದೆ. ಅವ್ರುದೂ ಓದ್ವು.” ಅವಳು ಉರಿಯುವ ಹಲಗೆಯನ್ನು ಕೋಲಿನಿಂದ ತಿರುವಿದಳು. “ಬಲೇನೋ, ಗಾಳೀನೋ. ಮನೆ ತೊಳೀಬೇಕು. ಒಬ್ಳೇ ಆಗಲ್ಲ.”

ಮರುದಿನ ನಾನು ಹೋದೆ. ತಟ್ಟೆ, ಬಲೆ, ಹುಳು ಗೂಡು ಕಟ್ಟುವ ಚಂದ್ರಿಕೆ ಎಲ್ಲವನ್ನೂ ಅಂಗಳಕ್ಕೆ ತಂದು ಬ್ಲೀಚಿಂಗ್ ನೀರಿನಲ್ಲಿ ಮುಳುಗಿಸಿದೆವು. ಮಧ್ಯಾಹ್ನದ ಹೊತ್ತಿಗೆ ಆಟೊದ ಸದ್ದಾಯಿತು. ಪಾಲುದಾರ ಗ್ಯಾರೇಜಿನ ಪ್ರೆಶರ್ ಪಂಪು ಇಳಿಸಿ ಹುಳುಮನೆಯ ಮಾಡಿನಿಂದ ಹಿಡಿದು ಸಂದುಗೊಂದನ್ನೆಲ್ಲ ತೊಳೆದ.

ಆಮೇಲಿನ ತಿಂಗಳುಗಳು ಕಷ್ಟದವು. ನಮ್ಮ ಇಬ್ಬರು ಕೆಲಸದ ಹೆಂಗಸರಲ್ಲಿ ಒಬ್ಬಾಕೆ ಕೆಲಸ ಬಿಟ್ಟು ಗಾರ್ಮೆಂಟ್ಸ್ ಬಸ್ಸು ಹತ್ತಿದಳು. ಅವಳನ್ನು ಉಳಿಸಿಕೊಳ್ಳಲು ನನಗಾಗಲಿಲ್ಲ. ಪಾಲುದಾರ ಪಂಪ್‌ಸೆಟ್ ರಿಪೇರಿಯವರಲ್ಲಿ ಕೇಳಿ ಕೇಳಿ, ಮೋಟಾರಿನ ಬಿಡಿಭಾಗಗಳನ್ನು ಪ್ಯಾಕ್ ಮಾಡುವ ಮೂಲೆತುಂಡುಗಳ ಅಚ್ಚು ಕಡೆದ. ಅದಕ್ಕೆ ತೇವ ಬೇಡ, ಒಣಗಿದಷ್ಟೂ ಒಳ್ಳೆಯದು. ಈಗ ಪ್ರತಿ ಸಲ ಗೂಡಿನಿಂದ ತೆಗೆದಾಗ ಒಂದನ್ನು ಉದ್ದಕ್ಕೆ ಸೀಳಿ ನಡುವಿಗೆ ಬೆರಳಿಟ್ಟು ನೋಡುತ್ತೇವೆ. ಚಾಕಿ ಕೇಂದ್ರದವಳು ಥರ್ಮಾಕೋಲಿಗೇ ಮರಳಿದ್ದಾಳೆ. ಆ ದಾರಿಯಲ್ಲಿ ಹೋದಾಗ ಅವಳ ತಿಪ್ಪೆಯ ಮೇಲಿನ ಬಿಳಿ ಕಾಳು ಕಂಡರೆ ಕತ್ತು ತಿರುಗಿಸಿಕೊಳ್ಳುತ್ತೇನೆ. ಅದರ ಬದಲಿಗೆ ಹುಳುವಿಗೆ ತಕ್ಕ ಪೆಟ್ಟಿಗೆಯೊಂದನ್ನು ನಾವಿನ್ನೂ ಮಾಡಿಲ್ಲ.

ಮೊನ್ನೆ ಕೊಪ್ಪದ ಕಡೆ ಒಂದಷ್ಟು ಮೂಲೆತುಂಡು ಇಳಿಸಿ ಬರುವಾಗ ಆ ಹೆಂಗಸಿನ ಮನೆ ಮುಂದೆ ಪಾಲುದಾರ ತಾನಾಗಿಯೇ ಆಟೊ ನಿಲ್ಲಿಸಿದ. ನಾಲ್ಕನೇ ಜ್ವರದಿಂದ ಎದ್ದ ಹುಳು ಮನೆ ತುಂಬ ಇದೆ ಎಂದು ಕೇಳಿದ್ದೆವು. ಹುಳುಮನೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಅವಳು ಎರಡೂ ಕೈ ಅಡ್ಡ ಹಿಡಿದಳು.

“ಅಲ್ಲೇ ನಿಂತ್ಕಳಿ. ಒಳಿಕ್ ಬರ್ಬೇಡಿ. ನಿಮ್ ಬಟ್ಟೆ ತುಂಬ ಬೂಸ್ಟೇ.”

ನಿಂತೆವು. ಅವಳು ಒಳಗೆ ಹೋಗಿ, ಒಂದು ದೊಡ್ಡ ಸೊಪ್ಪಿನ ಮೇಲೆ ಒಂದೇ ಒಂದು ಹುಳುವನ್ನಿಟ್ಟುಕೊಂಡು ಬಂದಳು. ಹೊಸ್ತಿಲಿನ ಆ ಕಡೆಯಿಂದಲೇ ಅಂಗೈ ಚಾಚಿ ತೋರಿಸಿದಳು. ಬೆರಳುದ್ದದ, ಕೊಬ್ಬಿದ ಹುಳು. ನಾವು ಬಗ್ಗಿ ನೋಡಿದೆವು. ಅದು ತಲೆಯೆತ್ತಿ, ಅತ್ತಿತ್ತ ಆಡಿಸಿ, ಎಲೆಯ ಅಂಚನ್ನು ತಿನ್ನತೊಡಗಿತು.